ಅಟ್ಟದಿಂದ ಇಳಿದ ಸ್ಯಾಕ್ಸೋಫೋನ್

ಪ್ರಶ್ನೆ: ಮೊದಲು ಸುಳ್ಯದ ಕಡೆ ಮದುವೆ, ಜಾತ್ರೆಗಳಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದೆ. ಕಾಫಿ ತೋಟದ ಕೆಲಸಕ್ಕೆ ಬಂದ ಮೇಲೆ 14 ವರ್ಷ ಮುಟ್ಟಿಲ್ಲ. ಮೊನ್ನೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ಊದಿದೆ. ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ. ಹತ್ತು ನಿಮಿಷಕ್ಕೇ ತುಟಿ ಸೋಲುತ್ತದೆ. ‘ಕೊಟ್ಟಿಗೇಲಿ ಎಮ್ಮೆ ಈಯ್ತಾ ಇದೆಯಾ’ ಅಂತಾಳೆ ಹೆಂಡತಿ. ಹುತ್ತರಿ ಹಬ್ಬದ ಹೊತ್ತಿಗೆ ಊರ ದೇವಸ್ಥಾನದಲ್ಲಿ ನುಡಿಸಬಹುದಾ ಸರ್?
– ಓದುಗ, ವಿರಾಜಪೇಟೆ

ಉತ್ತರ: ನಿಮ್ಮ ಮನೆಯವರ ಕಿವಿ ಚೆನ್ನಾಗಿದೆ. ಆದರೆ ತಪ್ಪು ಪೂರ್ತಿ ನಿಮ್ಮದಲ್ಲ. ಸ್ಯಾಕ್ಸೋಫೋನಿನ ಮೈ ಹಿತ್ತಾಳೆ, ತೂತು ಮುಚ್ಚುವ ಪ್ಯಾಡು ಮಾತ್ರ ಚರ್ಮ. ನಮ್ಮಲ್ಲಿ ಒಂದೇ ಮಳೆಗಾಲಕ್ಕೆ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಇದು ಹದಿನಾಲ್ಕು ಮಳೆಗಾಲ ಕಂಡಿದೆ!

ರಾತ್ರಿ ಲೈಟ್ ಆರಿಸಿ, ಕೊಳವೆಯೊಳಗೆ ಸಣ್ಣ ಬಲ್ಬು ಇಳಿಬಿಟ್ಟು ಕೀಗಳನ್ನು ಮೆಲ್ಲಗೆ ಒತ್ತಿ. ಪ್ಯಾಡಿನ ಅಂಚಲ್ಲಿ ಬೆಳಕು ಸೋರಿದರೆ ಅಲ್ಲಿ ಗಾಳಿಯೂ ಸೋರುತ್ತದೆ. ಕೆಳಸ್ವರ ಹೊರಡದಿರುವುದು ಹೆಚ್ಚಾಗಿ ಇದರಿಂದಲೇ. ರಿಪೇರಿ ಗೊತ್ತಿದ್ದವರಿಗೆ ಕೊಡಿ. ನಾನು ಜಾಣತನ ಮಾಡಿ ಚಪ್ಪಲಿ ಅಂಟಿಸುವ ಗೋಂದಿನಿಂದ ಪ್ಯಾಡು ಕೂರಿಸಿದ್ದೆ. ಬಿಸಿ ಮಾಡಿದರೆ ಕರಗುವ ಅರಗು ಹಾಕಬೇಕಿತ್ತಂತೆ. ನನ್ನ ಗೋಂದು ಕೆರೆಯುತ್ತಾ ರಿಪೇರಿಯವರು ಅರ್ಧ ದಿನ ಬೈದರು. ಹಳೇ ರೀಡುಗಳನ್ನು (ಬಾಯಿಗಿಡುವ ತುದಿಗೆ ಕಟ್ಟುವ, ಊದಿದರೆ ಅದುರುವ ತೆಳ್ಳನೆ ಪಟ್ಟಿ) ಬಿಸಾಡಿ. ಸದ್ಯಕ್ಕೆ 2ನೇ ನಂಬರಿನ ಮೆತ್ತನೆಯದು ಸಾಕು.

ಇನ್ನು ತುಟಿ. ಬೆರಳಿಗೆ ವರಸೆ ನೆನಪಿರುತ್ತದೆ, ಮೋಸ ಆಗುವುದೇ ಅಲ್ಲಿ. ಒಂಬತ್ತು ವರ್ಷ ಬಿಟ್ಟು ಹಿಡಿದಾಗ ನಾನು ಮೊದಲ ದಿನವೇ ಒಂದು ಗಂಟೆ ಊದಿದೆ. ಕೆಳಹಲ್ಲು ಒತ್ತಿ ತುಟಿಯ ಒಳಗೆ ಗಾಯ. ರಾತ್ರಿ ಪಂದಿ ಕರಿಗೆ (ಹಂದಿಮಾಂಸದ ಪಲ್ಯ) ಹಾಕಿದ ಕಾಚಂಪುಳಿಯ ಹುಳಿ ಅದಕ್ಕೆ ತಾಗಿ ಕಣ್ಣಲ್ಲಿ ನೀರು. ಖಾರ ಜಾಸ್ತಿ ಆಯ್ತಾ ಅಂತ ಅತ್ತಿಗೆ ಗಾಬರಿಯಾದರು. ಏನು ಹೇಳಲಿ!

ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಸಾಕು. ಎರಡು ವಾರ ಶ್ರುತಿ ಹಾಕಿಕೊಂಡು ಒಂದು ಉಸಿರಿಗೆ ಒಂದೇ ಸ್ವರ, ಅಲುಗಾಡದ ಹಾಗೆ. ಆಮೇಲೆ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಸಂಗೀತದ ಮೊದಲ ಪಾಠ, ಒಂದನೇ ಕಾಲದಲ್ಲಿ, ನಿಧಾನಕ್ಕೆ. ಬಾಯಿಯ ಮೂಲೆಯಲ್ಲಿ ಗಾಳಿ ಸೋರತೊಡಗಿದರೆ ಅವತ್ತಿಗೆ ಮುಗಿಸಿ. ಕದ್ರಿ ಗೋಪಾಲನಾಥರ ಕ್ಯಾಸೆಟ್ ಹಾಕಿ ಜೊತೆಗೆ ಊದುವ ಆಸೆ ಬರುತ್ತದೆ, ನನಗೆ ಗೊತ್ತು. ಈಗ ಸುಮ್ನೆ ಕೇಳಿ.

ಹುತ್ತರಿಗೆ ಇನ್ನೂ ಮೂರು ತಿಂಗಳಿದೆ ಅಲ್ವಾ? ಒಂದು ಚಿಕ್ಕ ದೇವರನಾಮ ಆಗುತ್ತದೆ. ರಾಗಾಲಾಪನೆ ಬೇಡ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ಆರುವ ತನಕ ಪೆಟ್ಟಿಗೆ ಮುಚ್ಚಬೇಡಿ. ಹೆಂಡತಿ ಎಷ್ಟೇ ಹೇಳಿದರೂ ಮತ್ತೆ ಅಟ್ಟಕ್ಕೆ ಮಾತ್ರ ಏರಿಸಬೇಡಿ.