ಮನೆ ಕಾಯಿ ಗಾಣಕ್ಕೆ ಹಾಕಿಸಿದರೆ ತಲೆಗೆಣ್ಣೆ ಖರ್ಚು ಇಳಿಯುತ್ತಾ?

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ವರ್ಷಗಟ್ಟಲೆ ಹಾಕ್ತಾ ಬಂದಿರೋ ಕೊಬ್ಬರಿ ಎಣ್ಣೆ, ಶಾಂಪೂ ಎಲ್ಲದರ ರೇಟೂ ಏರಿದೆ, ಹಿತ್ತಲಲ್ಲಿ ಇಪ್ಪತ್ತು ತೆಂಗಿನ ಮರ ಇದೆ, ನಮ್ಮ ಕಾಯನ್ನೇ ಗಾಣಕ್ಕೆ ಹಾಕಿಸಿದರೆ ಲೆಕ್ಕ ಕೂಡುತ್ತಾ ಅಥವಾ ಬೇರೆ ಅಗ್ಗದ ಎಣ್ಣೆಗೆ ಹೋಗೋದಾ ಅಂತ ಕೇಳಿದ್ದೀರಿ. ಕೆಳಗೆ ಒಂದಿಬ್ಬರು ಇದೆಲ್ಲ ಕಂಪನಿಯವರ ಲೂಟಿ ಅಂತ ಬರೆದಿದ್ದಾರೆ. ನಾನು ತೆಂಗು ಬೆಳೆದು ಕೊಬ್ಬರಿ ಮಾಡೋನು. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ, ಬಿಡುವಾದಾಗ ಓದಿ.

ಮೊದಲು ರೇಟು. ಶುದ್ಧ ಕೊಬ್ಬರಿ ಎಣ್ಣೆ ಮಟ್ಟಿಗೆ ಏರಿದ್ದು ಕಾಯಿ ರೇಟೇ. 2024ರ ಆರಂಭದಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲ್‌ಗೆ ಹತ್ತು ಸಾವಿರದ ಒಳಗೇ ಇತ್ತು. ಆ ವರ್ಷದ ಬೆಂಬಲ ಬೆಲೆ 12,000 ರೂಪಾಯಿ, ಅದೂ ಸಿಗದೆ ರೈತರು ಬೀದಿಗೆ ಇಳಿದಿದ್ದರು. 2025ರ ಮಧ್ಯದ ಹೊತ್ತಿಗೆ ಅದೇ ಕೊಬ್ಬರಿ 25 ಸಾವಿರ ದಾಟಿತು. ಯಾಕೆ ಅಂದರೆ ಮರದಲ್ಲಿ ಕಾಯಿ ಇರಲಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಸುಮಾರು ಒಂದು ವರ್ಷ ಬೇಕು, ಅದಕ್ಕೇ ಬರದ ಪೆಟ್ಟು ತೆಂಗಿಗೆ ಆ ವರ್ಷಕ್ಕಿಂತ ಮುಂದಿನ ವರ್ಷವೇ ಜಾಸ್ತಿ ಗೊತ್ತಾಗೋದು. 2023ರಲ್ಲಿ ಮಳೆ ಕೈಕೊಟ್ಟಿತು, 2024ರ ಬೇಸಿಗೆಯಲ್ಲಿ ಹರಳು, ಅಂದರೆ ಎಳೆ ಮಿಡಿಗಾಯಿ, ಉದುರಿದವು. ಅದರ ಮೇಲೆ ಬಿಳಿ ನೊಣ, ಕಪ್ಪುತಲೆ ಹುಳು, ನುಸಿ. ನಮ್ಮ ಮಳೆ ಕೆಡಿಸಿದ ಎಲ್ ನಿನೋದಿಂದಲೇ (ಪೆಸಿಫಿಕ್ ಸಮುದ್ರ ಬಿಸಿಯಾಗಿ ಮಳೆ ಏರುಪೇರಾಗೋದು) ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ನಲ್ಲೂ ಇಳುವರಿ ಬಿತ್ತು. ಎಳನೀರಿಗೆ ಒಳ್ಳೆ ರೇಟು ಬಂದಾಗ ಮದ್ದೂರಿನ ಎಳನೀರು ಮಾರುಕಟ್ಟೆ ಕಡೆಗೆ ಕಾಯಿ ಎಳೆಯದರಲ್ಲೇ ಹೋಯ್ತು, ಕೊಬ್ಬರಿಗೆ ಉಳಿದದ್ದು ಇನ್ನೂ ಕಡಿಮೆ. ಹತ್ತು ಸಾವಿರಕ್ಕೂ ಕೊಳ್ಳೋರಿಲ್ಲದೆ ಕೂತಿದ್ದ ಬೆಳೆಗಾರರಿಗೆ ಈ ರೇಟು ಬಂದದ್ದು ನನಗಂತೂ ಸಮಾಧಾನ ತಂದಿದೆ. ಹಾಗಂತ ತಿಂಗಳ ಸಂಬಳದಲ್ಲಿ ಎಣ್ಣೆ ಕೊಳ್ಳೋರ ಕಷ್ಟ ಸುಳ್ಳಲ್ಲ.

ಜಿಎಸ್‌ಟಿ ಇಳಿದಿದೆಯಲ್ಲ, ಎಣ್ಣೆ ಯಾಕೆ ಇಳಿದಿಲ್ಲ ಅಂತ ಇನ್ನೊಬ್ಬರು ಕೇಳಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಹೇರ್ ಆಯಿಲ್, ಶಾಂಪೂ ಮೇಲಿನ ತೆರಿಗೆ ನೂರಕ್ಕೆ 18ರಿಂದ 5ಕ್ಕೆ ಇಳಿದದ್ದು ನಿಜ. 118 ರೂಪಾಯಿ ಎಂಆರ್‌ಪಿ ಇದ್ದ ಶಾಂಪೂ 105ಕ್ಕೆ ಬರಬೇಕು, ಅಂದರೆ ನೂರಕ್ಕೆ ಹನ್ನೊಂದು ರೂಪಾಯಿ ಇಳಿಕೆ. ಆದರೆ ನೀವು ಕೊಳ್ಳೋ ಶುದ್ಧ ಕೊಬ್ಬರಿ ಎಣ್ಣೆ ಬಾಟಲಿಯನ್ನ ಒಂದು ಸಲ ತಿರುಗಿಸಿ ನೋಡಿ. ತುಂಬಾ ಬ್ರ್ಯಾಂಡ್‌ಗಳಲ್ಲಿ ಹೇರ್ ಆಯಿಲ್ ಅನ್ನೋ ಮಾತೇ ಇರಲ್ಲ, ತಿನ್ನೋ ಪದಾರ್ಥಕ್ಕೆ ಹಾಕೋ ಎಫ್‌ಎಸ್‌ಎಸ್‌ಎಐ ಪರವಾನಗಿ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ ಇರುತ್ತೆ. ಅದು ಅಡುಗೆ ಎಣ್ಣೆ ಲೆಕ್ಕದಲ್ಲಿ ಮೊದಲಿಂದಲೂ 5ರಲ್ಲೇ ಇತ್ತು. ಚಿಕ್ಕ ಬಾಟಲಿ ಎಣ್ಣೆ ತಲೆಗೋ ಅಡುಗೆಗೋ ಅನ್ನೋ ತೆರಿಗೆ ತಕರಾರು ವರ್ಷಗಟ್ಟಲೆ ನಡೆದು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಕೊಟ್ಟಿತು: ಹೇರ್ ಆಯಿಲ್ ಅಂತ ಲೇಬಲ್ ಹಾಕಿ ಮಾರದಿದ್ದರೆ ಚಿಕ್ಕ ಬಾಟಲಿಯದ್ದೂ ಅಡುಗೆ ಎಣ್ಣೆಯೇ. ಹಾಗಾಗಿ ಅದರಲ್ಲಿ ಇಳಿಯೋಕೆ 18ರ ತೆರಿಗೆಯೇ ಇರಲಿಲ್ಲ. ಇಳಿದದ್ದು ಆಮ್ಲಾ, ಬಾದಾಮಿ ಥರದ ಹೇರ್ ಆಯಿಲ್ ಮತ್ತು ಶಾಂಪೂ. ಕಂಡೀಷನರ್, ಸೀರಮ್, ಹೇರ್ ಡೈ ಇವು 18ರಲ್ಲೇ ಉಳಿದಿವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲೆಕ್ಕ ಕೂಡುತ್ತೆ, ಆದರೆ ಯಾವ ಕಾಯಿ ಹಾಕ್ತೀರಿ ಅನ್ನೋದರ ಮೇಲೆ.

ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ 65ರಷ್ಟು ಎಣ್ಣೆ ಇರುತ್ತೆ. ಮಿಲ್ಲಿನಲ್ಲಿ ಅರವತ್ತರ ಮೇಲೆ ಬರುತ್ತೆ, ಮರದ ಗಾಣದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಒಂದು ಕೆಜಿ ಎಣ್ಣೆಗೆ 1.6ರಿಂದ 1.8 ಕೆಜಿ ಕೊಬ್ಬರಿ, ನಮ್ಮ ಕಡೆ ನಾಟಿ ಕಾಯಿಯ ಲೆಕ್ಕದಲ್ಲಿ ಹತ್ತರಿಂದ ಹನ್ನೆರಡು ಕಾಯಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಅರ್ಧ ಕೆಜಿ ತಲೆಗೆಣ್ಣೆ ಅಂದುಕೊಳ್ಳಿ, ವರ್ಷಕ್ಕೆ ಆರು ಕೆಜಿ. ಎಪ್ಪತ್ತು ಕಾಯಿ ಸಾಕು. ಸುಮಾರಾಗಿ ನೋಡಿಕೊಂಡ ಒಂದೇ ಮರದ ಕಾಯಿ ಅದು.

ಆದರೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಿದ ಉಂಡೆ ಕೊಬ್ಬರಿಯನ್ನ ದಯವಿಟ್ಟು ಗಾಣಕ್ಕೆ ಹಾಕಬೇಡಿ. ಅದು ಉತ್ತರ ಭಾರತಕ್ಕೆ ತಿನ್ನೋಕೆ ಹೋಗೋ ಮಾಲು, ಅದರ ರೇಟೇ ಬೇರೆ. ಗುಂಡಗೆ ಇಡೀ ಬಂದದ್ದನ್ನ ಮಾರಿ. ಚಿಪ್ಪು ಒಡೆಯುವಾಗ ಹೋಳಾದದ್ದು, ಚೂರಾದದ್ದು, ಸಣ್ಣ ಗಾತ್ರದ್ದು ಮನೆ ಎಣ್ಣೆಗೆ ಇಟ್ಟುಕೊಳ್ಳಿ. ಕೊಬ್ಬರಿ ಮಾಡದೆ ಕಾಯಿ ಮಾರೋರಾದರೆ, ತಾನಾಗೇ ಉದುರಿದ ಬಲಿತ ಕಾಯನ್ನ ಬೇರೆ ರಾಶಿ ಹಾಕಿ, ಬಿಸಿಲು ಚೆನ್ನಾಗಿರೋ ತಿಂಗಳಲ್ಲಿ ಒಡೆದು ಒಣಗಿಸಿ.

ಒಣಗಿಸೋದರಲ್ಲೇ ಎಣ್ಣೆಯ ಗುಣ ಇರೋದು. ಒಡೆದ ಹೋಳನ್ನ ಚಿಪ್ಪಿನ ಸಮೇತ ಎರಡು ದಿನ ಬಿಸಿಲಿಗೆ ಬಾಯಿ ಮೇಲೆ ಮಾಡಿ ಇಡಿ. ಕೊಬ್ಬರಿ ಚಿಪ್ಪು ಬಿಡುತ್ತೆ. ಆಮೇಲೆ ಬಿಡಿಸಿ ಇನ್ನೂ ನಾಲ್ಕೈದು ದಿನ ಒಣಗಿಸಿ. ಸಂಜೆ ಇಬ್ಬನಿಗೆ ಬಿಡಬೇಡಿ, ಒಳಗೆ ತಂದು ಹರಡಿ. ಮುರಿದರೆ ಲಟ್ ಅಂತ ಮುರೀಬೇಕು, ಬಾಗಬಾರದು. ಮುರಿದ ಜಾಗಕ್ಕೆ ಉಗುರು ಒತ್ತಿದರೆ ಎಣ್ಣೆ ಜಿನುಗಬೇಕು, ಮಧ್ಯದಲ್ಲಿ ಬಿಳಿ ಹಸಿ ಗೆರೆ ಕಂಡರೆ ಇನ್ನೊಂದು ದಿನ ಬಿಡಿ. ಹಸಿ ಉಳಿದ ಕೊಬ್ಬರಿಯ ಎಣ್ಣೆ ಬೇಗ ಕಮಟು ಹಿಡಿಯುತ್ತೆ. ಕರಿ, ಹಸಿರು ಬೂಷ್ಟು ಬಂದ ಹೋಳನ್ನ ಮುಲಾಜಿಲ್ಲದೆ ಆಚೆ ಹಾಕಿ. ತಲೆಗೆ ತಾನೇ ಅಂತ ಸೇರಿಸಿದರೆ ಆ ವಾಸನೆ ಇಡೀ ಎಣ್ಣೆಗೆ ಹತ್ತುತ್ತೆ, ಅದರ ಹಿಂಡಿ ದನಕ್ಕೂ ಒಳ್ಳೇದಲ್ಲ.

ಗಾಣದಲ್ಲಿ ನಿಮ್ಮ ಕೊಬ್ಬರಿಯನ್ನೇ ಪ್ರತ್ಯೇಕ ಆಡಿಸಿಕೊಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಒಂದು ಸಲ ಗಾಣ ತಿರುಗಿಸೋಕೆ ಕನಿಷ್ಠ ಹತ್ತು ಹನ್ನೆರಡು ಕೆಜಿಯಾದರೂ ಬೇಕು ಅಂತಾರೆ. ಹಿಂಡಿ ಅವರಿಗೇ ಬಿಟ್ಟರೆ ಕೂಲಿಯಲ್ಲಿ ಕಡಿಮೆ ಮಾಡಿಕೊಳ್ತಾರೆ. ಹಸು ಇದ್ದರೆ ಹಿಂಡಿ ತಗೊಂಡು ಬನ್ನಿ, ಅದರ ಬೆಲೆಯೂ ಕಡಿಮೆಯೇನಿಲ್ಲ. ಎಣ್ಣೆ ತಂದ ದಿನವೇ ಬಾಟಲಿಗೆ ಹಾಕಬೇಡಿ. ಸ್ಟೀಲ್ ಪಾತ್ರೆಗೆ ಬಟ್ಟೆ ಕಟ್ಟಿ ನಾಲ್ಕೈದು ದಿನ ಅಲುಗಾಡಿಸದೆ ಇಡಿ, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಎಣ್ಣೆಯನ್ನಷ್ಟೇ ಬಸಿದುಕೊಳ್ಳಿ. ಬಾಟಲಿ ತೊಳೆದ ಮೇಲೆ ಒಂದು ಹನಿ ನೀರೂ ಇರಬಾರದು.

ಗಾಣದ ಎಣ್ಣೆ ಕೊಂಡುಕೊಳ್ಳೋರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತೆ. ಆ ವಾರದ ಕೊಬ್ಬರಿ ರೇಟನ್ನ 1.6ರಿಂದ ಗುಣಿಸಿ. ಕೊಬ್ಬರಿ ಕೆಜಿಗೆ 250 ಇದ್ದರೆ ಎಣ್ಣೆಯ ಅಸಲೇ 400. ಅಂಥ ಹೊತ್ತಲ್ಲಿ ರಸ್ತೆ ಬದಿ 250ಕ್ಕೆ ಶುದ್ಧ ಗಾಣದ ಎಣ್ಣೆ ಅಂತ ಬೋರ್ಡ್ ಹಾಕಿದ್ದರೆ ಅದರಲ್ಲಿ ಬೇರೇನೋ ಬೆರೆತಿದೆ. ಫ್ರಿಜ್‌ನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಅನ್ನೋದನ್ನ ಪೂರ್ತಿ ನಂಬಬೇಡಿ. ಪ್ಯಾರಾಫಿನ್ ಬೆರೆಸಿದ್ದರೆ ಮೇಲೆ ನೀರಾಗಿ ನಿಲ್ಲುತ್ತೆ ನಿಜ, ಆದರೆ ತಾಳೆ ಬೀಜದ ಎಣ್ಣೆ ಬೆರೆಸಿದ್ದರೆ ಅದೂ ಗಟ್ಟಿಯಾಗುತ್ತೆ. ಇನ್ನೊಂದು, ಗಾಣದವರು ಕೆಜಿ ಲೆಕ್ಕದಲ್ಲಿ ಕೊಡ್ತಾರೆ, ಕಂಪನಿ ಬಾಟಲಿ ಎಂಎಲ್ ಲೆಕ್ಕ. ಒಂದು ಲೀಟರ್ ಕೊಬ್ಬರಿ ಎಣ್ಣೆ ತೂಗಿದರೆ ಸುಮಾರು 915 ಗ್ರಾಂ. ಹೋಲಿಸುವಾಗ ಈ ವ್ಯತ್ಯಾಸ ಮರೀಬೇಡಿ. ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಒಂದು ಎಂಎಲ್‌ಗೆ ಎಷ್ಟು ಅಂತಲೂ ಸಣ್ಣದಾಗಿ ಹಾಕಿರುತ್ತಾರೆ, ಅದನ್ನ ಓದೋ ಅಭ್ಯಾಸ ಮಾಡಿಕೊಳ್ಳಿ. ಬಾಟಲಿ ಅದೇ ಆಕಾರ, ಅದೇ ರೇಟು, ಒಳಗಿನ ಎಣ್ಣೆ ಮಾತ್ರ ಕಡಿಮೆಯಾಗಿರೋದು ಅಲ್ಲೇ ಗೊತ್ತಾಗೋದು. ಶಾಂಪೂನಲ್ಲಿ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಒಂದೆರಡು ರೂಪಾಯಿ ಸ್ಯಾಚೆಯೇ ಅಗ್ಗ ಬೀಳುತ್ತೆ.

ಬೇರೆ ಎಣ್ಣೆಗೆ ಹೋಗೋ ಮಾತು. ಅಗ್ಗದ ಬಣ್ಣದ ಹೇರ್ ಆಯಿಲ್‌ಗಳ ಹಿಂದೆ ಬರೆದಿರೋದನ್ನ ಓದಿ. ಜಾಸ್ತಿ ಇರೋದನ್ನ ಮೊದಲು ಬರೀತಾರೆ. ಶುರುವಲ್ಲೇ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಅಂತಿದ್ದರೆ ನೀವು ಕೊಳ್ತಿರೋದು ಪೆಟ್ರೋಲಿಯಂನಿಂದ ಬಂದ ಎಣ್ಣೆ. ಅದರಿಂದ ಕೂದಲು ಹಾಳಾಗುತ್ತೆ ಅಂತಲ್ಲ, ಹೊಳಪು ಬರುತ್ತೆ, ಸಿಕ್ಕು ಬಿಡುತ್ತೆ. ಆದರೆ ಕೂದಲಿನ ಒಳಗೆ ಇಳಿಯಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟ ಗಮನಾರ್ಹವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದನ್ನ ಮಾಡಿದ್ದು ಕೊಬ್ಬರಿ ಎಣ್ಣೆ ಮಾರೋ ಕಂಪನಿಯ ಸಂಶೋಧಕರೇ ಅನ್ನೋದೂ ನಿಮಗೆ ಗೊತ್ತಿರಲಿ. ನನ್ನ ಸಲಹೆ, ಎಣ್ಣೆ ಬದಲಾಯಿಸಬೇಡಿ, ಪ್ರಮಾಣ ಇಳಿಸಿ. ರಾತ್ರಿ ಸುರಿದುಕೊಂಡು ಬೆಳಿಗ್ಗೆ ಎರಡು ಸಲ ಶಾಂಪೂ ಹಾಕಿ ತೊಳೆದರೆ ಎರಡೂ ಖರ್ಚು. ಸ್ನಾನಕ್ಕೆ ಒಂದು ಗಂಟೆ ಮುಂಚೆ ಒಂದೆರಡು ಚಮಚ ಕೂದಲಿನ ಉದ್ದಕ್ಕೆ ಹಚ್ಚಿದರೆ ಸಾಕು. ತಲೆಹೊಟ್ಟು ಜಾಸ್ತಿ ಇದ್ದರೆ ಬುಡಕ್ಕೆ ಎಣ್ಣೆ ಬೇಡವೇ ಬೇಡ, ಅದು ಹೆಚ್ಚುತ್ತೆ. ಡಾಕ್ಟರಿಗೆ ತೋರಿಸಿ.

ಗರುಗದ ಸೊಪ್ಪು, ಕರಿಬೇವು ಹಾಕಿ ಕಾಯಿಸೋದಾದರೆ ಸೊಪ್ಪನ್ನ ನೆರಳಲ್ಲಿ ಬಾಡಿಸಿ, ಸಣ್ಣ ಉರಿಯಲ್ಲಿ ಚಟಪಟ ಸದ್ದು ಪೂರ್ತಿ ನಿಲ್ಲೋವರೆಗೆ ಕಾಯಿಸಿ. ಸದ್ದು ಇದ್ದರೆ ನೀರಿನಂಶ ಇದೆ ಅಂತ. ಬೋಳು ತಲೆಗೆ ಕೂದಲು ಬರುತ್ತೆ ಅನ್ನೋ ಆಸೆಯಿಂದ ಮಾತ್ರ ಮಾಡಬೇಡಿ.

ಶಾಂಪೂ ಬದಲು ಸೀಗೆಕಾಯಿ, ಅಂಟುವಾಳ ಈಗಲೂ ಒಳ್ಳೆಯ ದಾರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತಮ್ಮ ಲ್ಯಾಂಪ್ಸ್ ಸೊಸೈಟಿ (ಬುಡಕಟ್ಟು ಜನರ ಸಹಕಾರ ಸಂಘ) ಮೂಲಕ ಮಾರೋದರಲ್ಲಿ ಇವೂ ಸೇರಿವೆ. ಪುಡಿಗಿಂತ ಇಡೀ ಕಾಯಿ ಕೊಳ್ಳಿ, ಒಣಗಿಸಿ ಮೆಂತ್ಯದ ಜೊತೆ ಪುಡಿ ಮಾಡಿಸಿ. ಅಂಟುವಾಳ ಜಾಸ್ತಿಯಾದರೆ ಕೂದಲು ಒರಟಾಗುತ್ತೆ, ಕಣ್ಣಿಗೆ ಬಿದ್ದರೆ ಉರಿ, ಮಕ್ಕಳಿಗೆ ಹುಷಾರು. ಬೋರ್‌ವೆಲ್ ಗಡಸು ನೀರಿಗೆ ಮೈಸೋಪು ಹಾಕಿ ತಲೆ ತೊಳೆಯೋರು ಅದನ್ನ ಬಿಡೋದು ಮೇಲು, ಜಿಡ್ಡು ಕೂದಲಲ್ಲೇ ಕೂರುತ್ತೆ. ಸೀಗೆಪುಡಿಯಲ್ಲಿ ಆ ತೊಂದರೆ ಇಲ್ಲ.

ಆರು ಕೆಜಿ ಎಣ್ಣೆ ಒಟ್ಟಿಗೆ ಆಡಿಸಿದರೆ ವರ್ಷದ ಕೊನೆಗೆ ವಾಸನೆ ತಿರುಗೋ ಸಾಧ್ಯತೆ ಇದೆ. ಅಕ್ಕಪಕ್ಕದ ಇನ್ನೊಂದು ಮನೆಯವರನ್ನ ಸೇರಿಸಿಕೊಂಡು ಆರು ತಿಂಗಳಿಗೊಮ್ಮೆ ಆಡಿಸಿ, ಗಾಣದ ಕನಿಷ್ಠ ಲೆಕ್ಕವೂ ಮುಟ್ಟುತ್ತೆ, ಎಣ್ಣೆಯೂ ಹೊಸದು. ನಿಮ್ಮ ತಾಲ್ಲೂಕು ಯಾವುದು ಅಂತ ಬರೆಯಿರಿ, ಸ್ವಂತ ಕೊಬ್ಬರಿ ಆಡಿಸಿಕೊಡೋ ಗಾಣ ಗೊತ್ತಿರೋರು ಇಲ್ಲೇ ಹೇಳ್ತಾರೆ.