ಗಿಲ್ಬರ್ಟ್‌ನ ದನಿ ನೀವು ಕೇಳಿದ್ದೀರಾ?

ನಮಸ್ಕಾರ.

ನಿಮ್ಮ ‘ಮೌನದ ರಾಜಕುಮಾರ’ ಬಂದು ಮೂರು ವಾರ ಆಯ್ತು. ಮೂಕಿ ಕಾಲದ ಹಾಲಿವುಡ್ ನಾಯಕ ಜಾನ್ ಗಿಲ್ಬರ್ಟ್‌ನ ಬದುಕು, ಹನ್ನೊಂದು ಪುಟ. ಬೇಡವಾದ ಲೇಖನಕ್ಕೆ ನಾನು ಎರಡು ಸಾಲು ಬರೆದು ಮುಗಿಸುವವನು. ಇದಕ್ಕೆ ಹಾಗೆ ಮಾಡಲು ಆಗಲಿಲ್ಲ. ಓದಿ ಸಿಟ್ಟು ಬಂತು. ನಮ್ಮ ಮೇಜಿಗೆ ಬರುವ ಲೇಖನಗಳಿಂದ ಜಾಸ್ತಿ ಬರುವುದು ನಿದ್ದೆ, ಹಾಗಾಗಿ ಸಿಟ್ಟನ್ನೂ ಮರ್ಯಾದೆ ಎಂದೇ ತಿಳಿಯಿರಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬರವಣಿಗೆ ಸರಾಗ. ಇಸವಿಗಳು ಸರಿ ಇವೆ. 1897ರಲ್ಲಿ ಅಮೆರಿಕದ ಯೂಟಾ ರಾಜ್ಯದ ಲೋಗನ್‌ನಲ್ಲಿ ನಾಟಕದವರ ಮಗನಾಗಿ ಹುಟ್ಟಿದ್ದು, 1936ರ ಜನವರಿಯಲ್ಲಿ, ಬರೀ 38ಕ್ಕೆ, ಹೃದಯಾಘಾತದಿಂದ ಸತ್ತಿದ್ದು, ಎಲ್ಲ ಇದೆ. ಆಯ್ತಲ್ಲ, ಈಗ ಎರಡನೇ ಪುಟಕ್ಕೆ ಬನ್ನಿ. ಅಲ್ಲಿ ನೀವು ಬರೆದದ್ದು ಹೀಗಿದೆ:

‘ಟಾಕಿ ಬಂತು. ಗಿಲ್ಬರ್ಟ್ ಬಾಯಿ ತೆರೆದ. ಇಲಿಯಂಥ ಕೀಚಲು ದನಿ ಹೊರಬಿತ್ತು. ಅಂದಿಗೇ ಅವನ ಕತೆ ಮುಗಿಯಿತು.’

ನಾಲ್ಕು ವಾಕ್ಯ. ಓದಲು ಚೆನ್ನಾಗಿಯೇ ಇವೆ. ಕೆಂಪು ಪೆನ್ನು ಹಿಡಿದು ಒಂದೊಂದಾಗಿ ನೋಡೋಣ.

‘ಟಾಕಿ ಬಂತು.’ ಮಳೆ ಬಂದ ಹಾಗೆ ಬಂತಾ? ಟಾಕಿ ಬಾಗಿಲಲ್ಲಿ ಬಂದು ನಿಂತಿದ್ದಾಗಲೇ, 1928ರಲ್ಲಿ, ಎಂಜಿಎಂ ಸ್ಟುಡಿಯೋ ಅವನ ಜೊತೆ ಆರು ಚಿತ್ರಕ್ಕೆ ಕರಾರು ಮಾಡಿಕೊಂಡಿತು. ಒಂದೊಂದಕ್ಕೆ 2.5 ಲಕ್ಷ ಡಾಲರ್. ಈ ಕರಾರು ನಿಮ್ಮ ಏಳನೇ ಪುಟದ ಮೂಲೆಯಲ್ಲಿ ಅನಾಥವಾಗಿ ಬಿದ್ದಿದೆ. ಅದು ಇರಬೇಕಾದ ಜಾಗ ಇದು. ಅಷ್ಟು ದುಡ್ಡು ಒಪ್ಪಿಕೊಂಡವರು ಅವನನ್ನು ಸುಲಭಕ್ಕೆ ಬಿಡುವ ಹಾಗಿರಲಿಲ್ಲ. ಮುಂದಿನ ಐದಾರು ವರ್ಷದ ಅವನ ಪಾಡೆಲ್ಲ ಇದಕ್ಕೆ ಗಂಟು ಬಿದ್ದಿದೆ.

‘ಬಾಯಿ ತೆರೆದ.’ ಯಾವ ಚಿತ್ರದಲ್ಲಿ? ‘ಹಾಲಿವುಡ್ ರೆವ್ಯೂ ಆಫ್ 1929’ರಲ್ಲಿ ನಟಿ ನಾರ್ಮಾ ಶಿಯರರ್ ಜೊತೆ ರೋಮಿಯೋ–ಜೂಲಿಯೆಟ್ ದೃಶ್ಯದಲ್ಲಿ ಅವನ ಮಾತು ಕೇಳಿಸಿತ್ತು. ಜನ ನಕ್ಕರು ಎನ್ನುವ ಚಿತ್ರ ಆಮೇಲಿನದು, ‘ಹಿಸ್ ಗ್ಲೋರಿಯಸ್ ನೈಟ್’. ನಿಮ್ಮಲ್ಲಿ ಎರಡಕ್ಕೂ ಹೆಸರಿಲ್ಲ.

‘ಇಲಿಯಂಥ ಕೀಚಲು ದನಿ.’ ನನಗೆ ಮೈ ಉರಿದದ್ದು ಇಲ್ಲೇ. ನೀವು ಆ ದನಿ ಕೇಳಿದ್ದೀರಾ? ಅವನ ಟಾಕಿಗಳು ಸುಟ್ಟುಹೋಗಿಲ್ಲ. 1932ರ ‘ಡೌನ್‌ಸ್ಟೇರ್ಸ್’ ಇದೆ, 1933ರ ‘ಕ್ವೀನ್ ಕ್ರಿಸ್ಟಿನಾ’ ಇದೆ. ಕೇಳಿದರೆ ಮಾಮೂಲಿ ಗಂಡಸಿನ ದನಿ. ಗುಡುಗುವುದಿಲ್ಲ, ಕೀಚಲಂತೂ ಅಲ್ಲವೇ ಅಲ್ಲ. ಉಚ್ಚಾರಣೆ ಸ್ವಲ್ಪ ತಿದ್ದಿ ತೀಡಿದ ಹಾಗಿದೆ, ನಾಟಕದ ಮೇಷ್ಟ್ರು ಎದುರಿಗೆ ನಿಂತಿದ್ದಾರೇನೋ ಅನ್ನುವಂತೆ. ಅಷ್ಟೇ.

ಜನ ನಕ್ಕಿದ್ದು ಹೌದು. ಯಾಕೆ ನಕ್ಕರು ಎನ್ನುವುದೇ ನಿಮ್ಮ ಲೇಖನ ಆಗಬೇಕಿತ್ತು. ಮೂಕಿಯಲ್ಲಿ ಗಿಲ್ಬರ್ಟ್ ಪ್ರೀತಿ ಮಾಡುತ್ತಿದ್ದದ್ದು ಕಣ್ಣಲ್ಲಿ. ನಾಯಕಿಯ ಹತ್ತಿರ ಬಗ್ಗುತ್ತಾನೆ, ತುಟಿ ಅಲ್ಲಾಡುತ್ತದೆ, ಕೆಳಗೆ ಆರ್ಕೆಸ್ಟ್ರಾ ನುಡಿಯುತ್ತದೆ. ಅವನು ಏನಂದ? ಕೂತಿದ್ದ ಒಬ್ಬೊಬ್ಬ ಹೆಂಗಸೂ ತನಗೆ ಬೇಕಾದ ಮಾತನ್ನು ತಾನೇ ತುಂಬಿಕೊಂಡಳು. ಟಾಕಿಯಲ್ಲಿ ಅದೇ ಬಗ್ಗುವಿಕೆ, ಅದೇ ಬಿಸಿಯುಸಿರು. ಆದರೆ ಈಗ ‘ಐ ಲವ್ ಯೂ’ ಎಂದು ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಬೇಕು. ಆಗಿನ ಮೈಕನ್ನು ಹೂದಾನಿಯಲ್ಲೋ ದೀಪದ ಹಿಂದೋ ಬಚ್ಚಿಡುತ್ತಿದ್ದರು, ಆಚೆ ಸರಿದರೆ ಮಾತು ಸಿಗುತ್ತಿರಲಿಲ್ಲ. ಕ್ಯಾಮೆರಾದ ಸದ್ದು ಬೀಳದಿರಲಿ ಅಂತ ಅದನ್ನು ಒಂದು ಗೂಡಿನಲ್ಲಿ ಕೂಡಿಹಾಕುತ್ತಿದ್ದರು. ಹೀಗೆ ನೆಟ್ಟ ಕಂಬದ ಹಾಗೆ ನಿಂತು ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಯಾರಿಗೆ ನಗು ಬರಲ್ಲ? ಸಂಭಾಷಣೆ ಮಾಡಿದ ತಪ್ಪಿಗೆ ಗಂಟಲು ದಂಡ ಕಟ್ಟಿತು.

‘ಅಂದಿಗೇ ಅವನ ಕತೆ ಮುಗಿಯಿತು.’ ಮುಗಿಯಲಿಲ್ಲ. ಕರಾರು ಇತ್ತಲ್ಲ, ಹಣ ಬರುತ್ತಿತ್ತು. ಒಳ್ಳೆಯ ಪಾತ್ರ ಮಾತ್ರ ಬರುತ್ತಿರಲಿಲ್ಲ. ಕುಡಿತ ಏರಿತು. ಆ ನಡುವೆಯೇ ‘ಡೌನ್‌ಸ್ಟೇರ್ಸ್’ಗೆ ತಾನೇ ಕಥೆ ಬರೆದು, ಅದರಲ್ಲಿ ಒಬ್ಬ ನೀಚ ಕಾರ್ ಡ್ರೈವರ್ ಆಗಿ ನಟಿಸಿದ. ಪ್ರೇಮದ ದೇವರೆಂದು ಪೂಜೆ ಮಾಡಿಸಿಕೊಂಡವನು ತನಗೆ ತಾನೇ ಬರೆದುಕೊಂಡ ಪಾತ್ರ ಇದು, ನೋಡಿ! ನೀವು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ‘ಕ್ವೀನ್ ಕ್ರಿಸ್ಟಿನಾ’ದ ನಾಯಕನ ಪಾತ್ರಕ್ಕೆ ನಟ ಲಾರೆನ್ಸ್ ಒಲಿವಿಯೇ ಬಂದಿದ್ದ. ಅವನನ್ನು ಬಿಟ್ಟು ಗಿಲ್ಬರ್ಟೇ ಬೇಕು ಎಂದು ಹಟ ಹಿಡಿದವಳು ಆ ಚಿತ್ರದ ನಾಯಕಿ ಗ್ರೇಟಾ ಗಾರ್ಬೋ. ಕೊನೆಯ ಚಿತ್ರ 1934ರದು.

ಗಾರ್ಬೋ ಮದುವೆಗೆ ಬಾರದೆ ಅವನಿಗೆ ಕೈಕೊಟ್ಟಳು, ಸ್ಟುಡಿಯೋ ದೊರೆ ಮೇಯರ್‌ಗೆ ಅವನಿಂದ ಏಟು ಬಿತ್ತು ಎನ್ನುವ ಕತೆಗಳಿರುವ ಪುಟಗಳಿಗೆ ನಾನು ಕೈ ಹಾಕುವುದಿಲ್ಲ.

ನಿಮಗೆ ಹೀಗೆ ಹೇಳುವ ಹಕ್ಕು ನನಗೆ ಸುಮ್ನೆ ಬಂದದ್ದಲ್ಲ. ಪತ್ರಿಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ. ಕಂಪನಿ ನಾಟಕದ ಹಳೇ ನಟರೊಬ್ಬರು ತೀರಿಕೊಂಡ ಸುದ್ದಿ ಬಂತು. ಪುಟ ಹೋಗಲು ಅರ್ಧ ಗಂಟೆ. ಕೈಯಲ್ಲಿದ್ದದ್ದು ಹೆಸರು, ಊರು, ವಯಸ್ಸು. ‘ಕಂಚಿನ ಕಂಠದ ಕಲಾವಿದ ಇನ್ನಿಲ್ಲ’ ಎಂದು ತಲೆಬರಹ ಬರೆದೆ. ಕಂಪನಿ ನಟರು ಅಂದಮೇಲೆ ಕಂಚಿನ ಕಂಠ ಇರಲೇಬೇಕು, ಅಲ್ವಾ? ಹದಿನೈದು ದಿನ ಬಿಟ್ಟು ಅವರ ಮಗ ಆಫೀಸಿಗೆ ಬಂದರು. ತಲೆ ಬೋಳಿಸಿತ್ತು. ಜೇಬಿನಿಂದ ಪೇಪರಿನ ತುಂಡು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಜಗಳ ಮಾಡಲಿಲ್ಲ. ‘ಸಾರ್, ನಮ್ಮಪ್ಪ ಮೂವತ್ತು ವರ್ಷ ಸ್ತ್ರೀ ಪಾತ್ರ ಮಾಡಿದ್ರು. ದನಿ ಸಣ್ಣದು. ಆ ದನಿ ಕೇಳೋಕೇ ಜನ ಬರ್ತಿದ್ರು’ ಎಂದರು.

ನಮ್ಮ ಸುದ್ದಿ ಸಂಪಾದಕರು ಅವರಿಗೆ ಕಾಫಿ ತರಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಮಾರನೇ ದಿನದಿಂದ ಆರು ತಿಂಗಳು ಊರಿನ ನಿಧನ ವಾರ್ತೆಯೆಲ್ಲ ನನ್ನ ಪಾಲಿಗೆ. ಪ್ರತಿ ಮನೆಗೂ ಫೋನ್ ಮಾಡಿ, ಕೇಳಿ ಬರೆಯಬೇಕು. ಅಳುತ್ತಿರುವವರ ಹತ್ತಿರ ‘ಅವರು ಮಾತಾಡ್ತಿದ್ದದ್ದು ಹೇಗೆ?’ ಎಂದು ಕೇಳುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ಕೇಳಿದರೆ ಹೇಳುತ್ತಾರೆ ಅಂತಲೂ ಗೊತ್ತಾಯ್ತು. ಕಂಚಿನ ಕಂಠ, ಇಲಿಯ ದನಿ, ಎರಡೂ ಒಂದೇ ಡಬ್ಬದ ಸಾಮಾನು ಕಣ್ರೀ.

ನಿಮಗೆ ನೋಡಿ ಬರೆಯಲು ಬರುವುದಿಲ್ಲ ಎಂದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಾಲ್ಕನೇ ಪುಟದಲ್ಲಿ 1925ರ ‘ದಿ ಬಿಗ್ ಪರೇಡ್’ ಬಗ್ಗೆ ಒಂದು ಪ್ಯಾರಾ ಇದೆ. ಮೀಸೆ ತೆಗೆದು, ಸಿಪಾಯಿ ಬಟ್ಟೆ ಹಾಕಿಕೊಂಡ ಗಿಲ್ಬರ್ಟ್ ಫ್ರಾನ್ಸಿನ ಹಳ್ಳಿ ಹುಡುಗಿಗೆ ಚೂಯಿಂಗ್ ಗಮ್ ಅಗಿಯಲು ಕಲಿಸುತ್ತಾನೆ. ಅವಳಿಗೆ ಅವನ ಭಾಷೆ ಬರುವುದಿಲ್ಲ. ಅವನು ಬಾಯಿಂದ ಎಳೆದು ತೋರಿಸುತ್ತಾನೆ, ಅವಳೂ ಎಳೆಯುತ್ತಾಳೆ, ಕೊನೆಗೆ ಗುಳುಂ ಎಂದು ನುಂಗಿಬಿಡುತ್ತಾಳೆ. ‘ಅವಳು ನುಂಗಿದ್ದು ಕಂಡು ಅವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಇನ್ನೇನೋ’ ಎಂದು ಬರೆದಿದ್ದೀರಿ. ಆ ‘ಇನ್ನೇನೋ’ಕ್ಕೆ ನಾನು ಗೀಟು ಹಾಕಿಲ್ಲ. ಅಲ್ಲಿ ನೀವು ಸಿನಿಮಾ ನೋಡುತ್ತಾ ಕೂತಿದ್ದಿರಿ.

ಹಾಗಿದ್ದವರು ಒಂಬತ್ತನೇ ಪುಟದಲ್ಲಿ ‘ಥಿಯೇಟರಿನ ಕೊನೆಯ ಸಾಲಿನಲ್ಲಿ, ಕತ್ತಲಲ್ಲಿ, ಗಿಲ್ಬರ್ಟ್ ಮೌನವಾಗಿ ಕಣ್ಣೀರಿಟ್ಟ’ ಎಂದು ಬರೆಯುತ್ತೀರಲ್ಲ! ಕತ್ತಲಲ್ಲಿ ಮೌನವಾಗಿ ಅತ್ತದ್ದನ್ನು ಕಂಡವರು ಯಾರು? ತೆಗೆಯಿರಿ.

‘ಕ್ವೀನ್ ಕ್ರಿಸ್ಟಿನಾ’ ಹುಡುಕಿ. ಮೊದಲ ಸಲ ಪರದೆ ನೋಡಬೇಡಿ, ಹೆಡ್‌ಫೋನ್ ಹಾಕಿಕೊಂಡು ಬರೀ ಕೇಳಿ. ಆಮೇಲೆ ಎರಡನೇ ಪುಟವನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಮೂರು ಪುಟ ಖಾಲಿ ಇಟ್ಟಿರುತ್ತೇನೆ. ಹನ್ನೊಂದು ಆಗಲ್ಲ.