ಸೆರಗಿನ ಚುಂಗು

ಮಾನ್ಯರೇ,

ಅವ್ವ ತೀರಿಕೊಂಡು ಎಂಟು ತಿಂಗಳಾದರೂ ಅವರ ಟ್ರಂಕಿನಲ್ಲಿರುವ ಒಂಬತ್ತು ಇಳಕಲ್ ಸೀರೆಗಳನ್ನು ಹೊರತೆಗೆಯಲು ಕೈ ಬರುತ್ತಿಲ್ಲವೆಂದೂ, ಅವುಗಳಿಂದ ಕೌದಿ, ಅಂದರೆ ಹಳೆ ಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆ, ಹೊಲಿಸೋಣವೆಂದ ಅಕ್ಕನೊಡನೆ ‘ಅವ್ವನಿಗೇ ಕತ್ತರಿ ಹಾಕಿದಂತಾಗುತ್ತದೆ’ ಎಂದು ಜಗಳವಾಡಿದಿರೆಂದೂ, ಗಂಡಸಿಗೆ ಸೀರೆಯ ಮೇಲೇಕೆ ಇಷ್ಟು ಮೋಹವೆಂದು ಮನೆಯವರು ನಗುತ್ತಾರೆಂದೂ ಬರೆದಿದ್ದೀರಿ.

ನಗುವವರ ಮಾತು ಬಿಡಿ. ಅವ್ವನ ಸೆರಗಿಗೆ ಮೂಗು ಒರೆಸಿಕೊಂಡು ಬೆಳೆದವರಲ್ಲಿ ಗಂಡುಮಕ್ಕಳೂ ಇದ್ದಾರೆ. ಆದರೆ ಜಗಳದಲ್ಲಿ ನಾನು ಬಹುಮಟ್ಟಿಗೆ ನಿಮ್ಮ ಅಕ್ಕನ ಪಕ್ಷ.

ನಿಮ್ಮ ಸೀಮೆಯಲ್ಲಿ ಕೌದಿಯೆಂದರೆ ಚಿಂದಿಯ ವಿಲೇವಾರಿಯಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯೇ ಅದಕ್ಕೆ ಬೇಕು. ಹೊಸ ಬಟ್ಟೆಗೆ ಆ ಹದ ಬರುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರಂತೂ ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫುಲ’, ಅಂದರೆ ಹೂವು, ಕೂರಿಸುವವರೆಗೆ ಕೌದಿ ಮುಗಿಯಿತೆನ್ನುವುದಿಲ್ಲ. ಹಳತನ್ನು ಸುಮ್ಮನೆ ತೇಪೆ ಹಾಕುವವರು ಅಷ್ಟು ಮುತುವರ್ಜಿ ವಹಿಸುತ್ತಾರೆಯೇ?

ಟ್ರಂಕು ತೆರೆದರೆ ಅವ್ವನ ವಾಸನೆ ಹೋಗಿಬಿಡುತ್ತದೆಂಬ ನಿಮ್ಮ ಭಯ ನನಗೆ ಗೊತ್ತು. ನನ್ನ ತಂದೆಯ ಶಲ್ಯವನ್ನು ಕಪಾಟಿನಲ್ಲಿಟ್ಟು ಕಾಪಾಡಿದೆ. ಎರಡನೆಯ ಮಳೆಗಾಲದ ಹೊತ್ತಿಗೆ ಅದರಲ್ಲಿ ಕಪಾಟಿನ ವಾಸನೆಯಷ್ಟೇ ಉಳಿದಿತ್ತು. ಮುಟ್ಟದೆ ಇಟ್ಟ ಮಾತ್ರಕ್ಕೆ ಬಟ್ಟೆಯೂ ಉಳಿಯುವುದಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿರುವ ರೇಷ್ಮೆ ಆ ಮಡಿಕೆಯಲ್ಲೇ ಸೀಳುತ್ತದೆ.

ನಿಮ್ಮ ಜಗಳಕ್ಕೆ ದಾರಿ ಇಳಕಲ್ ಸೀರೆಯ ನೇಯ್ಗೆಯಲ್ಲಿಯೇ ಇದೆಯೆಂದು ನನಗನ್ನಿಸುತ್ತದೆ. ಅಲ್ಲಿನ ನೇಕಾರರು ಒಡಲಿನ ಹಾಸನ್ನೂ, ಅಂದರೆ ಉದ್ದೆಳೆಗಳನ್ನೂ, ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ನೀವು ವರ್ಣಿಸಿರುವ ಸೀರೆಗಳಲ್ಲಿ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಕೌದಿಗೆ ಬೇಕಾದದ್ದು ಹತ್ತಿ. ಎಂಟು ಸೀರೆಗಳ ಒಡಲನ್ನು ಅಕ್ಕನಿಗೆ ಕೊಡಿ, ಆ ಸೆರಗುಗಳನ್ನು ಇಬ್ಬರೂ ಹಂಚಿಕೊಳ್ಳಿ, ಒಂದು ಸೀರೆ ಇಡಿಯಾಗಿ ನಿಮ್ಮಲ್ಲಿರಲಿ. ಕತ್ತರಿ ಆ ಕೊಂಡಿಯ ಸಾಲಿನಿಂದ ನಾಲ್ಕು ಬೆರಳು ಒಡಲಿನ ಕಡೆಗೇ ಓಡಲಿ, ಇಲ್ಲವಾದರೆ ಎಳೆ ಬಿಚ್ಚಿಕೊಂಡೀತು. ಇದೇ ವಾರ ಆಗಬೇಕೆಂದೇನೂ ಇಲ್ಲ. ವರ್ಷಾಂತಿಕ ಕಳೆಯಲಿ ಎಂದರೆ ಅಕ್ಕ ಕಾದಾರು.

ಅವ್ವನ ಕೊರಳಿನ ಬೋರಮಾಳ ಸರದ ಪಾಲಿನ ಬಗ್ಗೆಯೂ ಕೇಳಿದ್ದೀರಿ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡು ಹೆಣ್ಣೆನ್ನದೆ ಮಕ್ಕಳಿಗೂ ನಿಮ್ಮ ತಂದೆಯವರಿಗೂ ಸಮಪಾಲು. ಅಲ್ಲಿ ನನ್ನ ಸಲಹೆಗೆ ಜಾಗವಿಲ್ಲ.

ಇಡಿಯಾಗಿ ಇಟ್ಟುಕೊಳ್ಳುವ ಸೀರೆ ಯಾವುದೆಂದು ನಿಮ್ಮ ಪತ್ರವೇ ಹೇಳಿದೆ. ಸಂತೆಗೆ ಹೊರಟಾಗ ಅವ್ವ ಚಿಲ್ಲರೆ ದುಡ್ಡು ಗಂಟುಹಾಕಿ ಸಿಕ್ಕಿಸಿಕೊಳ್ಳುತ್ತಿದ್ದ ಸೆರಗಿನ ಚುಂಗು ಇಂದಿಗೂ ಸುಕ್ಕುಸುಕ್ಕಾಗಿಯೇ ನಿಂತಿದೆ ಎಂದಿದ್ದೀರಲ್ಲ, ಅದು. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ನುಸಿಗುಳಿಗೆ ಬಟ್ಟೆಗೆ ತಾಗದಿರಲಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಆ ಚುಂಗಿಗೆ ಮಾತ್ರ ಇಸ್ತ್ರಿ ಮುಟ್ಟಿಸಬೇಡಿ.

– ಸಂಪಾದಕ